ಕರೆಗಟ್ಟಿದ ಹಲ್ಲು

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಅಧ್ಯಾಪಕರೆಲ್ಲ ಸಾಲಾಗಿ ಕುಳಿತು ಚಿತ್ರ ತೆಗೆಸಿಕೊಳ್ಳುವ ಪದ್ಧತಿಯಿದೆ. ಇಪ್ಪತ್ತು ವರ್ಷಗಳಿಂದ ನಾನು ಆ ಸಾಲಿನಲ್ಲಿ ಕುಳಿತಿದ್ದೇನೆ. ಇಪ್ಪತ್ತು ಚಿತ್ರಗಳಲ್ಲಿಯೂ ನನ್ನ ತುಟಿ ಬಿಗಿಯಾಗಿ ಮುಚ್ಚಿದೆ. "ಕನ್ನಡ ಮೇಷ್ಟರು ಬಹಳ ಗಂಭೀರ ಸ್ವಭಾವದವರು" ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಳಬರು ಏನೂ ಹೇಳುವುದಿಲ್ಲ. ನಿಜವೆಂದರೆ ನನ್ನದು ಗಂಭೀರ ಸ್ವಭಾವವಲ್ಲ. ನನ್ನ ಹಲ್ಲು ಚೆನ್ನಾಗಿಲ್ಲ, ಅಷ್ಟೆ.

ಚೆನ್ನಾಗಿಲ್ಲವೆಂದರೆ ಹುಳುಕು ಹಿಡಿದಿದೆಯೆಂದಲ್ಲ. ಗಟ್ಟಿಯಾಗಿಯೇ ಇವೆ. ಹುರಿಗಡಲೆಯೇನು, ಕಬ್ಬಿನ ಗಿಣ್ಣನ್ನೂ ಈ ವಯಸ್ಸಿನಲ್ಲಿ ಕಡಿಯಬಲ್ಲೆ. ಆದರೆ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿಯ ಮಚ್ಚೆಗಳು. ಅವುಗಳ ನಡುವೆ ಅಡ್ಡಡ್ಡಲಾಗಿ ಕಂದು ಬಣ್ಣದ ಪಟ್ಟಿಗಳು. ಕಂಡವರು ಎಲೆಅಡಿಕೆಯ ಕರೆ ಎಂದೋ, ಹೊಗೆಸೊಪ್ಪಿನ ಕರೆ ಎಂದೋ ತಿಳಿಯುತ್ತಾರೆ. ನಾನು ಇವೆರಡನ್ನೂ ಮುಟ್ಟಿದವನಲ್ಲ. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಹೋಗುವುದು ಸಾಧ್ಯವೆ? ಆದ್ದರಿಂದ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ಭಾಷೆ ಕಲಿಸುವುದನ್ನೇ ಜೀವನೋಪಾಯ ಮಾಡಿಕೊಂಡವನಿಗೆ ಇದು ಸ್ವಲ್ಪ ಕಷ್ಟದ ವಿದ್ಯೆ. ನಮ್ಮ ವರ್ಣಮಾಲೆಯಲ್ಲಿ ದಂತ್ಯಾಕ್ಷರಗಳ ಒಂದು ವರ್ಗವೇ ಇದೆ. ಅ, ಉ, ಓ ಎನ್ನುವಾಗ ಹಲ್ಲು ಮರೆಯಾಗಿರುತ್ತದೆ. ಈ ಎಂದರೆ ಸಾಕು, ಬಾಗಿಲು ತೆರೆದಂತೆ ಎಲ್ಲವೂ ಕಾಣುತ್ತದೆ. ಹಳಗನ್ನಡದಲ್ಲಿ ಹಲ್ಲಿಗೆ 'ಪಲ್' ಎಂದು ಹೆಸರು. ತಮಿಳರು ಈಗಲೂ ಹಾಗೆಯೇ ಅನ್ನುತ್ತಾರೆ. 'ಪಲ್' ಎನ್ನಬೇಕಾದರೆ ಮೊದಲು ತುಟಿ ಮುಚ್ಚಲೇಬೇಕು. ಪಕಾರ ಹೋಗಿ ಹಕಾರ ಬಂದಮೇಲೆ ಆ ಮರೆಯೂ ಹೋಯಿತು! ತರಗತಿಯಲ್ಲಿ ಈ ಮಾತು ಹೇಳಿ ಹುಡುಗರನ್ನು ನಗಿಸುತ್ತೇನೆ. ಅವರು ನಗುವಾಗ ನಾನು ಹಲಗೆಯ ಕಡೆಗೆ ತಿರುಗಿಕೊಳ್ಳುತ್ತೇನೆ.

ಈ ಸಣ್ಣ ವಿಷಯ ಕಳೆದ ವರ್ಷ ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆಯಾಯಿತು. ನನ್ನ ತಮ್ಮನ ಮಗಳು ಬಿ.ಕಾಂ. ಮುಗಿಸಿ ಕೆಲಸ ಹುಡುಕಲೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದಳು. ಇಪ್ಪತ್ತೊಂದು ವರ್ಷದ ಹುಡುಗಿ. ಚುರುಕು, ಲೆಕ್ಕದಲ್ಲಿ ಗಟ್ಟಿ. ಅವಳ ಹಲ್ಲೂ ನನ್ನ ಹಲ್ಲಿನಂತೆಯೇ. ನಗು ಬಂದಾಗಲೆಲ್ಲ ಅವಳ ಬಲಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಮೂರು ನಾಲ್ಕು ಸಂದರ್ಶನಗಳಾದವು. ಒಂದು ಕಡೆಯಲ್ಲಿ ಪ್ರಶ್ನೆ ಕೇಳುತ್ತಿದ್ದವರೊಬ್ಬರು, ಸಂಬಳ, ಓದು ಎಲ್ಲ ವಿಚಾರಿಸಿದ ಮೇಲೆ, "ಗುಟ್ಕಾ ಹಾಕುವ ಅಭ್ಯಾಸವೇನಾದರೂ ಇದೆಯೇನಮ್ಮ?" ಎಂದು ಕೇಳಿದರಂತೆ. ಹುಡುಗಿ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಮರುದಿನ ಸಂಜೆ ಕಾಫಿ ಕುಡಿಯುವಾಗ ಮೆಲ್ಲನೆ ಎತ್ತಿದಳು: "ದೊಡ್ಡಪ್ಪ, ಹಲ್ಲಿನ ಮೇಲೆ ವೆನೀರ್ ಅಂತ ಕೂರಿಸುತ್ತಾರಲ್ಲ, ಅದನ್ನು ಹಾಕಿಸಿಕೊಳ್ಳಲೇ? ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿದೆ. ಸಾಲದೆ ಬಂದದ್ದನ್ನು ನೀವು ಕೊಟ್ಟರೆ ಕೆಲಸ ಸಿಕ್ಕಮೇಲೆ ತೀರಿಸುತ್ತೇನೆ."

ಮೇಷ್ಟರಾದವರಿಗೆ ಉಪದೇಶ ಯಾವಾಗಲೂ ನಾಲಿಗೆಯ ತುದಿಯಲ್ಲಿರುತ್ತದೆ. ನಾನು ಕಾಫಿಯ ಲೋಟವನ್ನು ಕೆಳಗಿಟ್ಟು ಒಂದು ಉಪನ್ಯಾಸವನ್ನೇ ಮಾಡಿದೆ. ಮುಖ ದೇವರು ಕೊಟ್ಟದ್ದು. ಅದನ್ನು ಮುಚ್ಚಿ ಇನ್ನೊಂದು ಮುಖ ತೋರಿಸುವುದು ಒಂದು ಬಗೆಯ ಸುಳ್ಳು. ಯೋಗ್ಯತೆಯನ್ನು ನೋಡದೆ ಹಲ್ಲನ್ನು ನೋಡುವವರ ಕೆಲಸ ನಮಗೇಕೆ. ನನ್ನನ್ನೇ ನೋಡು, ಇದೇ ಹಲ್ಲಿನಿಂದ ಇಪ್ಪತ್ತು ವರ್ಷ ಪಾಠ ಹೇಳಲಿಲ್ಲವೆ—ಹೀಗೆ. ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಕೊನೆಗೆ ಹೇಳಿದಳು: "ನೀವು ಗಂಡಸರು, ಅಲ್ಲದೆ ಮೇಷ್ಟರು. ನಿಮ್ಮ ಮಾತು ಕೇಳಿದಮೇಲೆ ಜನ ನಿಮ್ಮ ಹಲ್ಲು ನೋಡುತ್ತಾರೆ ದೊಡ್ಡಪ್ಪ. ನನ್ನದು ಹಾಗಲ್ಲ. ಹಲ್ಲು ನೋಡಿದಮೇಲೆ ಮಾತು ಕೇಳಬೇಕೋ ಬೇಡವೋ ಅಂತ ಯೋಚಿಸುತ್ತಾರೆ."

ಅಡುಗೆಮನೆಯಿಂದ ನನ್ನ ಹೆಂಡತಿ, "ಅಷ್ಟು ಸತ್ಯವಂತರಾದರೆ ಫೋಟೋದಲ್ಲಿ ಬಾಯಿ ಬಿಡಿ, ನೋಡೋಣ" ಎಂದಳು. ಉಪನ್ಯಾಸ ಅಲ್ಲಿಗೆ ಮುಗಿಯಿತು. ಆದರೆ ಯೋಚನೆ ಅಲ್ಲಿಂದಲೇ ಮೊದಲಾಯಿತು.

ನಮ್ಮದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಳೆ ಕಡಿಮೆ, ಬಂಡೆ ಹೆಚ್ಚು. ಮೊದಲು ಊರಿಗೆಲ್ಲ ಎರಡು ಸೇದುವ ಬಾವಿಗಳಿದ್ದವು. ಅವು ಬತ್ತುತ್ತ ಬಂದಾಗ, 1979ರಲ್ಲಿ, ನಮ್ಮ ತಂದೆ ಸಾಲ ಮಾಡಿ ಹಿತ್ತಲಲ್ಲಿ ಕೊಳವೆಬಾವಿ ಕೊರೆಸಿದರು. ಅಂಥ ಬರಗಾಲದಲ್ಲಿ ನೀರು ಬಂದದ್ದೇ ಒಂದು ಹಬ್ಬವಾಯಿತಂತೆ. ಊರಿನವರೂ ಬಂದು ಹಿಡಿದುಕೊಂಡು ಹೋಗುತ್ತಿದ್ದರು. ತಂದೆ ಯಾರಿಗೂ ಇಲ್ಲವೆಂದವರಲ್ಲ. ಅಮ್ಮ ಮಕ್ಕಳಿಗೆ ಕಾಯಿಲೆ ಬರಬಾರದೆಂದು ಆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕೊಡುತ್ತಿದ್ದಳು.

ಅಕ್ಕ ಹುಟ್ಟಿದ್ದು ಸೇದುವ ಬಾವಿಯ ಕಾಲದಲ್ಲಿ. ಅವಳ ಹಲ್ಲು ಇಂದಿಗೂ ಮಲ್ಲಿಗೆಯ ಮೊಗ್ಗಿನಂತಿದೆ. ನಾನು 1978ರಲ್ಲಿ ಹುಟ್ಟಿದೆ. ನನ್ನ ಹಲ್ಲು ಹೇಗಿದೆಯೆಂದು ಹೇಳಿದ್ದಾಯಿತು. ಆಮೇಲೆ ಹುಟ್ಟಿದ ತಮ್ಮನದೂ ತಂಗಿಯದೂ ನನಗಿಂತ ಕೆಟ್ಟದ್ದು. ಒಂದೇ ತಾಯಿತಂದೆ, ಒಂದೇ ಮನೆ, ಒಂದೇ ಬೇವಿನಕಡ್ಡಿ. ನಮ್ಮ ನಾಲ್ವರ ಬಾಯನ್ನು ಸಾಲಾಗಿ ತೆರೆಸಿ ನೋಡಿದರೆ ಬಾವಿ ಬತ್ತಿದ ವರ್ಷವನ್ನೂ ಕೊಳವೆಬಾವಿ ಬಂದ ವರ್ಷವನ್ನೂ ಓದಿಬಿಡಬಹುದು.

ಕಾರಣ ಈಗ ಎಲ್ಲರಿಗೂ ಗೊತ್ತಿದೆ. ನಮ್ಮ ಕಡೆಯ ಕಲ್ಲಿನಲ್ಲಿ ಫ್ಲೋರೈಡ್ ಎಂಬ ಅಂಶವಿದೆ. ಆಳದಲ್ಲಿ ಬಂಡೆಯ ಬಿರುಕುಗಳ ನಡುವೆ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಇರಬಹುದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಾದ ನೀರನ್ನು ಮಗು ಕುಡಿದರೆ, ಒಸಡಿನೊಳಗೆ ಇನ್ನೂ ಬೆಳೆಯುತ್ತಿರುವ ಹಲ್ಲಿನ ಮೇಲ್ಕವಚ, ಎಂದರೆ ಎನಾಮೆಲ್, ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಸುಮಾರು ಎಂಟು ವರ್ಷದೊಳಗೆ ಆದದ್ದು ಆಯಿತು. ಆಮೇಲೆ ಗಂಗೆಯನ್ನೇ ತಂದು ಕುಡಿಸಿದರೂ ಹಲ್ಲು ತಿರುಗಿ ಬೆಳ್ಳಗಾಗದು. ಅಮ್ಮ ನೀರು ಕುದಿಸಿದಳೆಂದೆನಲ್ಲ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ತಂದೆಯ ಔದಾರ್ಯ, ತಾಯಿಯ ಎಚ್ಚರ, ಎರಡೂ ಸೇರಿ ನಮ್ಮ ಹಲ್ಲಿನ ಮೇಲೆ ಬರೆದ ಬರಹ ಇದು. ಯಾರನ್ನು ದೂರಬೇಕು?

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನವರ ಹಲ್ಲಿನಲ್ಲಿ ಇದೇ ಕಂದು ಕರೆಯನ್ನು ಕಂಡರು. ಮೂವತ್ತು ವರ್ಷ ಅದರ ಬೆನ್ನು ಹತ್ತಿದರು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಮಾತ್ರ ಕರೆಯಿದೆ, ದೊಡ್ಡವರಾದ ಮೇಲೆ ಬಂದು ನೆಲಸಿದವರಿಗಿಲ್ಲ ಎಂಬುದನ್ನು ಗುರುತಿಸಿ, ದೋಷ ನೀರಿನದೆಂದು ಊಹಿಸಿದರು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಆ ಅಂಶ ಫ್ಲೋರೈಡ್ ಎಂದು ಕಂಡುಹಿಡಿದರು. ನಮ್ಮ ದೇಶದಲ್ಲಿ 1937ರಲ್ಲಿಯೇ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ, ಈ ರೋಗವನ್ನು ವೈದ್ಯರು ವರದಿ ಮಾಡಿದ್ದರು. ಎಂದರೆ ನಮ್ಮ ಹಿತ್ತಲಲ್ಲಿ ಕೊಳವೆ ಇಳಿಯುವುದಕ್ಕೆ ನಾಲ್ವತ್ತು ವರ್ಷ ಮೊದಲೇ ವಿಷಯ ತಿಳಿದಿತ್ತು. ತಿಳಿದದ್ದು ನಮ್ಮೂರಿಗೆ ಬರಲಿಲ್ಲ. ಕೊಳವೆ ಮಾತ್ರ ಬಂದಿತು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ತಂಗಿಯನ್ನು ನೋಡಲು ಮೊದಲನೆಯ ಸಲ ಗಂಡಿನವರು ಬಂದಾಗ ನಾನು ಅಲ್ಲಿದ್ದೆ. ಎಲ್ಲ ಮಾತೂ ಸರಾಗವಾಗಿ ನಡೆಯಿತು. ಹೊರಡುವಾಗ ಹುಡುಗನ ತಾಯಿ ನಮ್ಮ ಅಮ್ಮನನ್ನು ಪಕ್ಕಕ್ಕೆ ಕರೆದು, "ಹುಡುಗಿಗೆ ಹೊಗೆಸೊಪ್ಪಿನ ಚಟ ಇದೆಯಾ?" ಎಂದು ಕೇಳಿದರು. ಅಮ್ಮ, "ಅಯ್ಯೋ, ಇಲ್ಲ ತಾಯಿ, ನೀರಿಂದ ಹಾಗಾಗಿದೆ" ಎಂದಳು. ಅವರು ನಂಬಲಿಲ್ಲ. ನಂಬದಿದ್ದುದು ಅವರ ಮುಖದಲ್ಲಿ ಕಾಣುತ್ತಿತ್ತು. ಆ ಹೊತ್ತು ನಾನು, ಎಂ.ಎ. ಮಾಡಿದ ಅಣ್ಣ, ಬಾಯಿ ತೆರೆದು ನನ್ನ ಹಲ್ಲನ್ನೇ ತೋರಿಸಿ, "ನೋಡಿ, ನನಗೂ ಹೀಗೆಯೇ ಇದೆ" ಎನ್ನಬಹುದಾಗಿತ್ತು. ತುಟಿ ಬಿಗಿದುಕೊಂಡು ಕಂಬದ ಪಕ್ಕದಲ್ಲಿ ನಿಂತಿದ್ದೆ. ತಂಗಿಗೆ ಮುಂದೆ ಒಳ್ಳೆಯ ಕಡೆಯೇ ಮದುವೆಯಾಯಿತು. ಆದರೆ ಅವಳ ಮದುವೆಯ ಚಿತ್ರಗಳಲ್ಲಿ ಒಂದರಲ್ಲಿಯೂ ಅವಳು ನಕ್ಕಿಲ್ಲ.

ಇದೆಲ್ಲವನ್ನೂ ನೆನೆದಮೇಲೆ ಹುಡುಗಿಯನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದೆ. ಮೊದಲು ಹೋದದ್ದು ಗಾಜಿನ ಬಾಗಿಲಿನ ಒಂದು ದೊಡ್ಡ ಕ್ಲಿನಿಕ್ಕಿಗೆ. ಅಲ್ಲಿ ಬಣ್ಣದ ಪಟ್ಟಿಯೊಂದನ್ನು ಕೈಗೆ ಕೊಟ್ಟರು. ಗಾಜಿನ ಅಂಗಡಿಯಲ್ಲಿ ಬಳೆ ತೋರಿಸಿದಂತೆ ಬಿಳುಪಿನಲ್ಲಿ ಹತ್ತಾರು ಬಗೆ: ಕೆಂಪುಛಾಯೆಯ ಬಿಳುಪು, ಹಳದಿ ಬಿಳುಪು, ಬೂದು ಬಿಳುಪು, ಕಡೆಗೆ ಯಾವ ಮನುಷ್ಯನಿಗೂ ಹುಟ್ಟಿನಿಂದ ಬಾರದ ಹಾಲುಬಿಳುಪು. ಹುಡುಗಿಯ ಬೆರಳು ನೇರವಾಗಿ ಆ ಕಡೆಯದಕ್ಕೇ ಹೋಯಿತು. ಮೇಲಿನ ಎಂಟು ಹಲ್ಲನ್ನೂ ತೇಯ್ದು ಪಿಂಗಾಣಿ ಕೂರಿಸುವುದೆಂದು ಅವರು ಒಂದೇ ಉಸಿರಿನಲ್ಲಿ ತೀರ್ಮಾನಿಸಿ, ಕಂತಿನಲ್ಲಿ ಹಣ ಕಟ್ಟುವ ಕಾಗದವನ್ನು ಮುಂದಿಟ್ಟರು. ನನಗೆ ಹೆದರಿಕೆಯಾಗಿ ಎದ್ದು ಬಂದೆ. ಎರಡನೆಯ ಸಲ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋದೆವು. ಅಲ್ಲಿ ಕಾಯಬೇಕಾಯಿತು, ಆದರೆ ಅಲ್ಲಿನ ಪ್ರಾಧ್ಯಾಪಕಿಯೊಬ್ಬರು, ನನ್ನಂತೆಯೇ ಪಾಠ ಹೇಳಿ ಅಭ್ಯಾಸವಾದವರು, ಎಲ್ಲವನ್ನೂ ಬಿಡಿಸಿ ಹೇಳಿದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಲ್ಲಿಗೆ ಹಾಕುವ ಮುಚ್ಚಿಗೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಜನ ಕ್ಯಾಪ್ ಎನ್ನುವುದು. ಇದಕ್ಕೆ ಹಲ್ಲನ್ನು ಸುತ್ತಲೂ ತೇಯ್ದು ಮೊಳೆಯಂತೆ ಮಾಡಿ ಮೇಲೆ ಟೋಪಿ ಹಾಕುತ್ತಾರೆ. ಮುರಿದ ಹಲ್ಲಿಗೆ, ಬೇರಿನ ಚಿಕಿತ್ಸೆಯಾದ ಹಲ್ಲಿಗೆ ಅದು ಬೇಕು. ಬರೀ ಬಣ್ಣಕ್ಕಾಗಿ ಅದನ್ನು ಮಾಡುವುದು ಗೋಡೆಯ ಕಲೆಗಾಗಿ ಮನೆಯನ್ನು ಕೆಡವಿದಂತೆ. ಎರಡನೆಯದು ಪಿಂಗಾಣಿಯ ವೆನೀರ್. ಹಲ್ಲಿನ ಮುಂಭಾಗವನ್ನು ಮಾತ್ರ ಸುಮಾರು ಅರ್ಧ ಮಿಲಿಮೀಟರಿನಷ್ಟು ತೇಯ್ದು, ಅಚ್ಚು ತೆಗೆದು, ಪ್ರಯೋಗಶಾಲೆಯಲ್ಲಿ ಮಾಡಿಸಿದ ಉಗುರಿನಂಥ ಪಿಂಗಾಣಿಯ ಬಿಲ್ಲೆಯನ್ನು ಅಂಟಿಸುತ್ತಾರೆ. ಇದು ಹೊಳಪು ಕಳೆದುಕೊಳ್ಳುವುದಿಲ್ಲ, ಕಾಫಿಯ ಕರೆ ಹಿಡಿಯುವುದಿಲ್ಲ. ಹತ್ತು ಹದಿನೈದು ವರ್ಷ, ಜೋಪಾನ ಮಾಡಿದರೆ ಇನ್ನೂ ಹೆಚ್ಚು ಕಾಲ ಬರುತ್ತದೆ. ಆದರೆ ಒಡೆದರೆ ಹೊಸದನ್ನೇ ಮಾಡಿಸಬೇಕು. ಮೂರನೆಯದು ಕಾಂಪೋಸಿಟ್ ಎಂಬ ರಾಳದ ಲೇಪ. ಹಲ್ಲನ್ನು ತೇಯದೆ, ಇಲ್ಲವೆ ಬಹು ಸ್ವಲ್ಪ ತೇಯ್ದು, ಮೆತ್ತನೆಯ ಲೇಪವನ್ನು ಪದರಪದರವಾಗಿ ಹಚ್ಚಿ, ನೀಲಿ ಬೆಳಕಿನಲ್ಲಿ ಗಟ್ಟಿಮಾಡಿ, ಉಜ್ಜಿ ನುಣುಪು ಮಾಡುತ್ತಾರೆ. ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಇದು ಐದಾರು ವರ್ಷದ ಬಾಳಿಕೆಯದು. ಮಂಕಾಗುತ್ತದೆ, ಅಂಚಿನಲ್ಲಿ ಚೂರು ಹಾರುತ್ತದೆ. ಆದರೆ ಚೂರು ಹಾರಿದಲ್ಲಿಯೇ ತೇಪೆ ಹಾಕಬಹುದು. ಅವರು ಲೆಕ್ಕ ಹಾಕಿದಂತೆ ಪಿಂಗಾಣಿಯ ಖರ್ಚು ಇದರ ಮೂರರಷ್ಟು. ಹಲ್ಲನ್ನು ಮುಟ್ಟದೆ ಅಂಟಿಸುವ ಅತಿ ತೆಳುವಾದ ಪಿಂಗಾಣಿಯೂ ಇದೆ. ಆದರೆ ನಮ್ಮಂಥ ಗಾಢವಾದ ಕರೆಯಿದ್ದರೆ ಅದು ಬಟ್ಟೆಯೊಳಗಿನ ದೀಪದಂತೆ ಹೊರಗೆ ಕಾಣುತ್ತದೆ.

ಈ ಮೂರಕ್ಕೂ ಮೊದಲು ಇನ್ನೊಂದು ದಾರಿಯಿದೆ ಎಂದರು. ಮೇಲುಮೇಲಿನ ಕರೆಯಾದರೆ ಸೌಮ್ಯವಾದ ಆಮ್ಲವನ್ನೂ ನುಣ್ಣನೆಯ ಪುಡಿಯನ್ನೂ ಸೇರಿಸಿ ಉಜ್ಜಿ ತೆಗೆಯಬಹುದು. ಉಳಿದುದನ್ನು ಬಿಳುಪಿಸುವ ಔಷಧದಿಂದ ತಿಳಿಯಾಗಿಸಬಹುದು. ಮುಚ್ಚುವ ಮಾತು ಆಮೇಲಿನದು.

ಈ ಮುಚ್ಚಿಗೆಯ ಚರಿತ್ರೆಯೂ ಸ್ವಾರಸ್ಯವಾಗಿದೆ. 1928ರ ಸುಮಾರಿಗೆ ಹಾಲಿವುಡ್ಡಿನಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಸಿನಿಮಾ ನಟನಟಿಯರಿಗೆ ತೆಳುವಾದ ಹಲ್ಲಿನ ಪೊರೆಗಳನ್ನು ಮಾಡಿಕೊಟ್ಟರು. ಅವುಗಳನ್ನು ಕಟ್ಟುಹಲ್ಲಿಗೆ ಹಾಕುವ ಪುಡಿಯಿಂದ ಅಂಟಿಸಿಕೊಂಡು ಅಭಿನಯಿಸಿ, ಚಿತ್ರೀಕರಣ ಮುಗಿದಮೇಲೆ ತೆಗೆದಿಡುತ್ತಿದ್ದರು. ನಮ್ಮ ಬಯಲಾಟದ ರಾಕ್ಷಸ ಬೆಳಗಾದಮೇಲೆ ಕೋರೆಹಲ್ಲು ಬಿಚ್ಚಿಟ್ಟು ಹೊಲಕ್ಕೆ ಹೋಗುವುದಿಲ್ಲವೆ, ಹಾಗೆ. ಅದು ವೇಷ; ವೇಷವೆಂದು ಎಲ್ಲರಿಗೂ ಗೊತ್ತು; ಅದರಲ್ಲಿ ನೀತಿಯ ಪ್ರಶ್ನೆಯೇ ಏಳಲಿಲ್ಲ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬವರು ಹಲ್ಲಿನ ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ಒರಟಾಗಿಸಿದರೆ ಅಂಟು ಭದ್ರವಾಗಿ ಹಿಡಿಯುತ್ತದೆಂದು ತೋರಿಸಿದರು. 1980ರ ದಶಕದ ಆರಂಭದಲ್ಲಿ ಪಿಂಗಾಣಿಯ ಒಳಮೈಯನ್ನೂ ಹಾಗೆಯೇ ಆಮ್ಲದಿಂದ ಕೊರೆಯುವುದನ್ನು ಕಂಡುಕೊಂಡರು. ಅಂದಿನಿಂದ ವೇಷ ಬಿಚ್ಚಲಾಗದ ವೇಷವಾಯಿತು. ಪಿಂಗಾಣಿಯನ್ನು ಕೊರೆಯಲು ಬಳಸುವ ಆಮ್ಲ ಯಾವುದು ಬಲ್ಲಿರಾ? ಹೈಡ್ರೋಫ್ಲೋರಿಕ್ ಆಮ್ಲ. ನಮ್ಮ ಹಲ್ಲನ್ನು ಕೆಡಿಸಿದ ಅದೇ ಫ್ಲೋರಿನ್ನಿನ ಕುಲದ್ದು! ಕೆಡಿಸಿದವನೇ ಮುಚ್ಚುವುದಕ್ಕೂ ಬರುತ್ತಾನೆ. ಇದನ್ನು ಕೇಳಿ ನಾನು ನಕ್ಕೆ, ಪ್ರಾಧ್ಯಾಪಕಿಯವರು ನನ್ನ ಹಲ್ಲನ್ನು ನೋಡಿ, "ನಿಮ್ಮದೂ ಅದೇ ನೀರೇ ಸಾರ್?" ಎಂದರು.

ಈಗ ಪ್ರಶ್ನೆಗೆ ಬರೋಣ. ಹಲ್ಲನ್ನು ಮುಚ್ಚುವುದು ಸುಳ್ಳೆ?

ಸುಳ್ಳೆಂದರೆ ಕೇಳುವವನ ಮನಸ್ಸಿನಲ್ಲಿ ಇಲ್ಲದುದನ್ನು ಇದೆಯೆಂದು ಹುಟ್ಟಿಸುವುದು. ಈ ಅಳತೆಯಿಂದ ನೋಡಿದರೆ ಹೊಸದೊಂದು ಸಂಗತಿ ಕಾಣುತ್ತದೆ. ನಮ್ಮ ಹುಡುಗಿಯ ಹಲ್ಲು, ದೇವರು ಕೊಟ್ಟದ್ದು ಎಂದೆನಲ್ಲ, ಅದೇ ಸುಳ್ಳು ಹೇಳುತ್ತಿದೆ. "ಇವಳು ಗುಟ್ಕಾ ಹಾಕುತ್ತಾಳೆ, ಹಲ್ಲುಜ್ಜುವುದಿಲ್ಲ, ಶುಚಿಯಿಲ್ಲ" ಎಂದು ಅದು ನೋಡಿದವರಿಗೆಲ್ಲ ಹೇಳುತ್ತದೆ. ಅವಳು ದಿನಕ್ಕೆ ಎರಡು ಸಲ ಹಲ್ಲುಜ್ಜುವವಳು. ಅದನ್ನು ಮುಚ್ಚಿದರೆ ಒಂದು ಸುಳ್ಳಿನ ಬಾಯಿ ಮುಚ್ಚಿದಂತೆಯೇ ಹೊರತು ಹೊಸ ಸುಳ್ಳೊಂದನ್ನು ಹುಟ್ಟಿಸಿದಂತಲ್ಲ. ಕೆಲಸ ಕೊಡುವವನು ಇದರಿಂದ ಏನನ್ನು ಕಳೆದುಕೊಳ್ಳುತ್ತಾನೆ? ಅವನಿಗೆ ಬೇಕಾದ್ದು ಲೆಕ್ಕ ಬಲ್ಲ, ಶುಚಿಯಾದ, ನಂಬಿಕೆಯ ಹುಡುಗಿ. ಅವನಿಗೆ ಸಿಗುವುದೂ ಅವಳೇ. ಮದುವೆಯ ಮಾತಾದರೆ ಬೇರೆ. ಅಲ್ಲಿ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹುಡುಗಿಯೇ ಹೇಳಿದಳು: "ಯಾರಾದರೂ ಕೇಳಿದರೆ ವೆನೀರ್ ಹಾಕಿಸಿದ್ದೇನೆ ಅಂತಲೇ ಹೇಳುತ್ತೇನೆ. ಮುಚ್ಚಿಡುವುದಕ್ಕೆ ನಾನು ಕದ್ದದ್ದೇನು?" ಮುಚ್ಚುವುದಕ್ಕೂ ಮುಚ್ಚಿಡುವುದಕ್ಕೂ ಕನ್ನಡದಲ್ಲಿ ಇರುವ ಈ ವ್ಯತ್ಯಾಸವನ್ನು ಕನ್ನಡ ಮೇಷ್ಟರಿಗೆ ಬಿ.ಕಾಂ. ಹುಡುಗಿ ಕಲಿಸಿದಳು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಭಾರವಾದದ್ದು. ಅದು ಈಗಲೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಈ ಕರೆ ಒಬ್ಬಳ ಹಲ್ಲಿನ ದೋಷವಲ್ಲ. ಒಂದು ಸೀಮೆಯ ನೀರಿನ ಸಾಕ್ಷಿ. ಕೈಯಲ್ಲಿ ಕಾಸಿದ್ದವರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿಗೆ ಬಂದು ಪಿಂಗಾಣಿ ಹಾಕಿಸಿಕೊಂಡರೆ ಸಾಕ್ಷಿ ಹೇಳಲು ಯಾರು ಉಳಿಯುತ್ತಾರೆ? ಕಾಸಿಲ್ಲದವರು. ಅವರ ಮಾತನ್ನು ಕೇಳುವವರಾರು? ಅಲ್ಲದೆ, ಪಕ್ಕದ ಹಲ್ಲು ಬೆಳ್ಳಗಾದಷ್ಟೂ ಉಳಿದವರ ಹಲ್ಲು ಇನ್ನಷ್ಟು ಕಂದಾಗಿ ಕಾಣುತ್ತದೆ. ಒಬ್ಬಳು ಪಡೆದ ಬಿಡುಗಡೆ ಇನ್ನೊಬ್ಬಳ ಕಟ್ಟನ್ನು ಬಿಗಿಮಾಡುತ್ತದೆ.

ಈ ವಾದ ನನಗೆ ಬಹಳ ಚೆನ್ನಾಗಿ ಕಂಡಿತು. ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಇಪ್ಪತ್ತು ವರ್ಷದಿಂದ ನನಗೆ ಸಂಬಳ ಬರುತ್ತಿದೆ. ನನ್ನ ಹಲ್ಲೂ ಸಾಕ್ಷಿಯೇ ಆಗಿತ್ತು. ಆ ಸಾಕ್ಷಿಯನ್ನು ನಾನು ಯಾವ ಕಟಕಟೆಗೆ ಹತ್ತಿಸಿದೆ? ಪತ್ರಿಕೆಗೆ ಒಂದು ಪತ್ರ ಬರೆಯಲಿಲ್ಲ. ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಡಲಿಲ್ಲ. ತಂಗಿಯ ಬದಿಯಲ್ಲಿ ನಿಂತು ಒಂದು ಮಾತೂ ಆಡಲಿಲ್ಲ. ವೆನೀರ್ ಹಾಕಿಸಿಕೊಂಡಿಲ್ಲವೆಂದು ಸತ್ಯವಂತನೆನಿಸಿಕೊಂಡೆ. ನನ್ನ ತುಟಿಯೇ ನನ್ನ ವೆನೀರ್ ಆಗಿತ್ತು. ನಾನು ಹೊರದಿದ್ದ ಬಾವುಟವನ್ನು ಇಪ್ಪತ್ತೊಂದು ವರ್ಷದ ಹುಡುಗಿಯ ಬಾಯಿಗೆ ಕಟ್ಟಿ, "ನೀನು ಊರಿನ ಸಲುವಾಗಿ ಕೆಲಸವಿಲ್ಲದೆ ಇರು" ಎನ್ನುವುದು ಯಾವ ನ್ಯಾಯ? ಸಾಕ್ಷಿ ಹೇಳಬೇಕಾದ್ದು ಹಲ್ಲಲ್ಲ, ನಾಲಿಗೆ. ಹಲ್ಲು ಬೆಳ್ಳಗಿದ್ದರೂ ನಾಲಿಗೆ ಸಾಕ್ಷಿ ಹೇಳಬಹುದು. ನನ್ನದರಂತೆ ಹಲ್ಲು ಕಂದಾಗಿದ್ದೂ ನಾಲಿಗೆ ಸುಮ್ಮನಿರಬಹುದು.

ಹಾಗಾದರೆ ಹಾಲುಬಿಳುಪಿನ ಎಂಟು ಪಿಂಗಾಣಿಗಳಿಗೆ ನನ್ನ ಒಪ್ಪಿಗೆಯಾಯಿತೆ? ಇಲ್ಲ. ಮುಚ್ಚಬಹುದೆ ಎಂಬುದು ಒಂದು ಪ್ರಶ್ನೆ. ಏನನ್ನು ಕೊಟ್ಟು ಮುಚ್ಚಬೇಕು ಎಂಬುದು ಇನ್ನೊಂದು. ಎನಾಮೆಲ್ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು. ಆದರೆ ಮತ್ತೆ ಬೆಳೆಯದ ವಸ್ತು. ಚರ್ಮ ಮಾಯುತ್ತದೆ, ಮೂಳೆ ಕೂಡಿಕೊಳ್ಳುತ್ತದೆ, ಉಗುರು ಬೆಳೆಯುತ್ತದೆ. ಎನಾಮೆಲನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವಷ್ಟರಲ್ಲಿ ತಮ್ಮ ಕೆಲಸ ಮುಗಿಸಿ ಹೊರಟುಹೋಗಿರುತ್ತವೆ. ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂದು ಹೆಸರು. ಎರಡು ಸಲ ಹುಟ್ಟುವುದು ಎಂದರ್ಥ. ಮೂರನೆಯ ಹುಟ್ಟು ಅದಕ್ಕಿಲ್ಲ. ಇಪ್ಪತ್ತೊಂದು ವರ್ಷಕ್ಕೆ ತೇಯಿಸಿದವಳು ಮೂವತ್ತೈದಕ್ಕೆ, ಐವತ್ತಕ್ಕೆ, ಅರವತ್ತೈದಕ್ಕೆ ಹೊಸ ಪಿಂಗಾಣಿ ಹಾಕಿಸುತ್ತಲೇ ಇರಬೇಕು. ಇಂದಿನ ಹುಡುಗಿ ಮುಂದೆ ಐವತ್ತು ವರ್ಷದವಳಾಗುವ ಹೆಂಗಸಿನ ಹೆಸರಿನಲ್ಲಿ ಸಾಲ ಬರೆದುಕೊಟ್ಟಂತೆ. ಆ ಹೆಂಗಸನ್ನು ಕೇಳುವವರು ಯಾರೂ ಇಲ್ಲ.

ಕಾಂಪೋಸಿಟ್ಟಿನ ಗುಣ ಅದರ ಕುಂದಿನಲ್ಲಿಯೇ ಇದೆಯೆಂದು ನನಗೆ ತೋರಿತು. ಅದು ಮಂಕಾಗುತ್ತದೆ, ಚೂರು ಹಾರುತ್ತದೆ, ಐದು ವರ್ಷಕ್ಕೊಮ್ಮೆ, "ನಾನಿನ್ನೂ ಬೇಕೆ?" ಎಂದು ಕೇಳುತ್ತದೆ. ಬೇಡವೆಂದರೆ ಅದನ್ನು ತೆಗೆಸಿ ಹೆಚ್ಚುಕಡಿಮೆ ತನ್ನ ಹಲ್ಲಿಗೇ ಹಿಂತಿರುಗಬಹುದು. ಪಿಂಗಾಣಿ ಹಾಗೆ ಕೇಳುವುದಿಲ್ಲ. ಅದಕ್ಕೆ ಅಂದವಿದೆ, ವಿನಯವಿಲ್ಲ. ಹೀಗೆಂದು ಪಿಂಗಾಣಿ ಪಾಪವೆಂದು ನಾನು ಹೇಳುತ್ತಿಲ್ಲ. ಹಲ್ಲು ಗುಳಿಬಿದ್ದು ಪುಡಿಯಾಗುವಷ್ಟು ಕೆಟ್ಟವರಿಗೆ ಅದು ಕವಚವೇ ಆದೀತು. ಆದರೆ ಗಟ್ಟಿಮುಟ್ಟಾದ ಹಲ್ಲುಳ್ಳ ಎಳೆಯರು, ಹಿಂದಿರುಗಬಹುದಾದ ದಾರಿಯನ್ನು ಮೊದಲು ನಡೆದುನೋಡಿ, ಹಿಂದಿರುಗಲಾಗದ ದಾರಿಯನ್ನು ಕೊನೆಗೆ ಹಿಡಿಯುವುದು ಮೇಲು. ಹಲ್ಲಿನ ವಿಷಯದಲ್ಲಿ ಮಾತ್ರವಲ್ಲ, ಬದುಕಿನ ಬಹಳ ವಿಷಯಗಳಲ್ಲಿ ಇದು ಕೆಲಸಕ್ಕೆ ಬರುವ ನಿಯಮ.

ಇದನ್ನು ಹುಡುಗಿಗೆ ಹೇಳಿದೆ. ಈ ಸಲ ಉಪನ್ಯಾಸವಾಗಿ ಅಲ್ಲ, ಲೆಕ್ಕವಾಗಿ. ಲೆಕ್ಕ ಅವಳಿಗೆ ತಿಳಿಯುತ್ತದೆ. ಎರಡು ದಿನ ಕಾಗದ ಪೆನ್ನು ಹಿಡಿದು ಕುಳಿತಳು. ಆಮೇಲೆ ತಾನೇ ಸರ್ಕಾರಿ ಕಾಲೇಜಿಗೆ ಹೋಗಿಬಂದಳು. ಮೊದಲು ಉಜ್ಜಿ ಬಿಳುಪಿಸಿದರು. ಅರ್ಧದಷ್ಟು ಕರೆ ಅದರಲ್ಲಿಯೇ ತಿಳಿಯಾಯಿತು. ಉಳಿದದ್ದಕ್ಕೆ ಮೇಲಿನ ನಾಲ್ಕು ಹಲ್ಲಿಗೆ ಮಾತ್ರ ಕಾಂಪೋಸಿಟ್ ಹಚ್ಚಿದರು. ಫ್ಲೋರೈಡ್ ಹಿಡಿದ ಹಲ್ಲಿನ ಮೇಲೆ ಆಮ್ಲ ಸುಲಭವಾಗಿ ಕೆಲಸ ಮಾಡದೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತಂತೆ. ನಮ್ಮೂರ ಹಲ್ಲಲ್ಲವೆ, ಹಟ ಹೋಗಲಿಲ್ಲ. ಬಣ್ಣವನ್ನು ಹಾಲುಬಿಳುಪಿನಲ್ಲಿ ಅಲ್ಲ, ಪಕ್ಕದ ಹಲ್ಲಿಗೆ ಹೊಂದುವಂತೆ ಆರಿಸಿದ್ದರು. ಕೆಳಸಾಲನ್ನು ಹಾಗೆಯೇ ಬಿಟ್ಟಳು. "ಅಷ್ಟಿರಲಿ ದೊಡ್ಡಪ್ಪ, ಪೂರಾ ಬೇರೆಯವಳಾಗುವುದು ಬೇಡ" ಎಂದಳು. ಎರಡು ತಿಂಗಳಲ್ಲಿ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹಲ್ಲಿನಿಂದ ಸಿಕ್ಕಿತೋ, ಲೆಕ್ಕದಿಂದ ಸಿಕ್ಕಿತೋ, ಯಾರು ಹೇಳಬಲ್ಲರು? ನಗುವಾಗ ಕೈ ಈಗಲೂ ಒಮ್ಮೊಮ್ಮೆ ಮೇಲೇಳುತ್ತದೆ, ಎದೆಯವರೆಗೆ ಬಂದು ನಿಲ್ಲುತ್ತದೆ.

ನಾನು ಏನನ್ನೂ ಮಾಡಿಸಿಕೊಳ್ಳಲಿಲ್ಲ. ಇದರಲ್ಲಿ ದೊಡ್ಡತನವೇನೂ ಇಲ್ಲ. ನನ್ನ ವಯಸ್ಸಿಗೂ ಕೆಲಸಕ್ಕೂ ಅದರ ಅಗತ್ಯವಿಲ್ಲ, ಅಷ್ಟೆ. ಅಗತ್ಯವಿಲ್ಲದವನ ತ್ಯಾಗವನ್ನು ತ್ಯಾಗವೆನ್ನಲಾಗದು.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಈಗ ನಮ್ಮ ತಾಲ್ಲೂಕಿನ ತಿರುಮಣಿಯ ಸುತ್ತ ಸಾವಿರಾರು ಎಕರೆಯಲ್ಲಿ ಬಿಸಿಲಿನಿಂದ ವಿದ್ಯುತ್ತು ಮಾಡುವ ಫಲಕಗಳು ಹೊಳೆಯುತ್ತವೆ. ದೇಶದ ದೊಡ್ಡ ಸೌರ ಉದ್ಯಾನಗಳಲ್ಲಿ ಅದೂ ಒಂದು. ನಮ್ಮ ಊರಿನಲ್ಲಿ ನಾಣ್ಯ ಹಾಕಿದರೆ ಶುದ್ಧನೀರು ಕೊಡುವ ಘಟಕವೂ ಬಂದಿದೆ. ಕಿರಿಯ ತಮ್ಮನ ಮಗನಿಗೆ ನಾಲ್ಕು ವರ್ಷ. ಅವನ ಹಾಲುಹಲ್ಲು ನೋಡಲು ಚೆನ್ನಾಗಿದೆ. ಆದರೆ ನನ್ನ ಕಣ್ಣಿಗೆ ಕಾಣದ ಹಲ್ಲುಗಳು, ಅವನು ಬಾಳೆಲ್ಲ ಇಟ್ಟುಕೊಳ್ಳಬೇಕಾದ ಹಲ್ಲುಗಳು, ಈಗ ಅವನ ಒಸಡಿನೊಳಗೆ ಬೆಳೆಯುತ್ತಿವೆ. ಅವನು ಎಳ್ಳುಬೆಲ್ಲ ತಿಂದು ನೀರು ಕೇಳಿದ. ತಮ್ಮನ ಹೆಂಡತಿ ಘಟಕದ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ನನಗೆ ಸಮಾಧಾನವಾಯಿತು. ಆಮೇಲೆ ಏನೋ ತೋರಿ ಕೇಳಿದೆ:

"ಅನ್ನಕ್ಕೆ, ಸಾರಿಗೆ ಯಾವ ನೀರು ಹಾಕುತ್ತೀಯಮ್ಮ?"

"ಅದಕ್ಕೆ ಬೋರಿನದೇ ಭಾವ. ಹೇಗೂ ಕುದಿಯುತ್ತಲ್ಲ."

ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಕೊಂಡೆ. ನನ್ನ ಹಲ್ಲನ್ನು ಅವಳಿಗೆ ತೋರಿಸಿ, ಅಮ್ಮ ಕುದಿಸಿ ಕೊಡುತ್ತಿದ್ದ ನೀರಿನ ಕತೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದೆ.